ಮೂಳೆ ಸೇರುವ ವಿಷ, ಮೂಳೆ ಸೇರುವ ಮದ್ದು

ವಿಕಿರಣಶೀಲ ಧಾತುಗಳಿಂದ ಹೊರಡುವ ಕಿರಣಗಳನ್ನು ಅರ್ನೆಸ್ಟ್ ರುದರ್‌ಫರ್ಡ್ 1899ರಲ್ಲಿ ಬೇರ್ಪಡಿಸಿ ನೋಡಿದಾಗ, ತೆಳುವಾದ ಲೋಹದ ಹಾಳೆಗೇ ತಡೆದು ನಿಲ್ಲುವ ಬಗೆಗೆ ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರವಾದ ಆಲ್ಫಾ ಎಂದೂ, ಅದಕ್ಕಿಂತ ಆಳಕ್ಕೆ ಇಳಿಯುವ ಬಗೆಗೆ ಬೀಟಾ ಎಂದೂ ಹೆಸರಿಟ್ಟರು. ಎಲ್ಲಕ್ಕಿಂತ ದೂರ ಸಾಗುವ ಗ್ಯಾಮಾ ಕಿರಣ ಕೆಲವೇ ವರ್ಷಗಳಲ್ಲಿ ಇವುಗಳ ಸಾಲಿಗೆ ಸೇರಿತು. ಹೆಸರಿನಲ್ಲಿ ಮೊದಲನೆಯದಾದ ಆಲ್ಫಾ ಕಿರಣವು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮಾತ್ರ ಕಡೆಯದಾಗಿ ಬಂತು. ಗ್ಯಾಮಾ ಕಿರಣವನ್ನು ವೈದ್ಯರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಬಳಸತೊಡಗಿದರು, ಬೀಟಾ ಕಿರಣ ಬೀರುವ ಅಯೋಡಿನ್ ಆ ಶತಮಾನದ ನಡುಭಾಗಕ್ಕೆ ಥೈರಾಯಿಡ್ ರೋಗಿಗಳ ಮದ್ದಾಯಿತು, ಆದರೆ ಆಲ್ಫಾ ಕಣವನ್ನು ಬೀರುವ ಔಷಧವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆತದ್ದು 2013ರ ಮೇ ತಿಂಗಳಲ್ಲಿ. ಈ ತಡಕ್ಕೆ ಆಲ್ಫಾ ಕಣದ ದುರ್ಬಲತೆ ಕಾರಣವಲ್ಲ. ಮೂರರಲ್ಲಿ ಅತ್ಯಂತ ಬಲಶಾಲಿಯಾದದ್ದು ಅದೇ. ಅದನ್ನು ರೋಗಪೀಡಿತ ಜೀವಕೋಶದ ಬಾಗಿಲಿಗೇ ಒಯ್ದು ಬಿಡುವ ರಸಾಯನವಿದ್ಯೆ ಅಷ್ಟು ಕಾಲ ಪಕ್ವವಾಗಿರಲಿಲ್ಲ ಎಂಬುದೇ ನಿಜವಾದ ಕಾರಣ.

ಆಲ್ಫಾ ಕಣವೆಂದರೆ ಎರಡು ಪ್ರೋಟಾನು ಮತ್ತು ಎರಡು ನ್ಯೂಟ್ರಾನುಗಳು ಒಟ್ಟುಗೂಡಿದ ಹೀಲಿಯಂ ಪರಮಾಣುವಿನ ಬೀಜ. ರೇಡಿಯಂ, ಆಕ್ಟಿನಿಯಂ, ಪೊಲೋನಿಯಂ ಮುಂತಾದ ಭಾರವಾದ ಧಾತುಗಳ ಪರಮಾಣುಬೀಜವು ತನ್ನ ಭಾರವನ್ನು ತಾನೇ ತಾಳಲಾರದೆ ಒಡೆದಾಗ ಇದು ಸಿಡಿದು ಹೊರಬರುತ್ತದೆ. ಬೀಟಾ ಕಣವೆಂದರೆ ಬರಿಯ ಎಲೆಕ್ಟ್ರಾನು. ಆಲ್ಫಾ ಕಣದ ತೂಕ ಅದರ ಸುಮಾರು 7,300 ಪಟ್ಟು, ವಿದ್ಯುದಂಶವೂ ಇಮ್ಮಡಿ. ಹೀಗಿರುವುದರಿಂದ ಎರಡೂ ದೇಹದ ಅಂಗಾಂಶದೊಳಗೆ ಸಾಗುವ ರೀತಿಯೇ ಬೇರೆ. ಲುಟೀಷಿಯಂ-177 ಎಂಬ ಬೀಟಾ ಧಾತುವಿನ ಕಣ ಎರಡು ಮಿಲಿಮೀಟರಿನವರೆಗೂ ಅಂಕುಡೊಂಕಾಗಿ ಅಲೆದು ತನ್ನ ಶಕ್ತಿಯನ್ನು ದಾರಿಯುದ್ದಕ್ಕೂ ಚೂರುಚೂರಾಗಿ ಚೆಲ್ಲಿದರೆ, ಆಲ್ಫಾ ಕಣವು ನೇರವಾಗಿ ನುಗ್ಗಿ, ಮಿಲಿಮೀಟರಿನ ಹತ್ತನೇ ಒಂದು ಭಾಗ ಮುಗಿಯುವ ಮುನ್ನವೇ ತನ್ನಲ್ಲಿರುವುದನ್ನೆಲ್ಲ ಸುರಿದು ನಿಂತುಬಿಡುತ್ತದೆ. ಕಬ್ಬು ಹೇರಿದ ಎತ್ತಿನ ಗಾಡಿ ಕೆಸರುಗದ್ದೆಗೆ ಇಳಿದರೆ ನಾಲ್ಕು ಮಾರು ಹೋಗುವುದರೊಳಗೆ ಹೂತು ನಿಲ್ಲುತ್ತದೆ, ಆದರೆ ಅದು ಕೊರೆದ ಗಾಲಿಯ ಜಾಡು ಮಳೆಗಾಲ ಕಳೆದರೂ ಮುಚ್ಚುವುದಿಲ್ಲ. ಆಲ್ಫಾ ಕಣದ ಸ್ವಭಾವವೂ ಅಂಥದು. ಈ ಕಿರುದಾರಿಯ ಉದ್ದ ಹೆಚ್ಚೆಂದರೆ ಐದಾರು ಜೀವಕೋಶಗಳನ್ನು ಸಾಲಾಗಿ ಇಟ್ಟಷ್ಟು.

ಈ ಗಾಯ ಏಕೆ ಮಾಯುವುದಿಲ್ಲ ಎಂಬುದಕ್ಕೆ ವಿಕಿರಣ ಜೀವವಿಜ್ಞಾನ ಸ್ವಾರಸ್ಯಕರವಾದ ಉತ್ತರ ಕೊಡುತ್ತದೆ. ಜೀವಕೋಶದ ಆನುವಂಶಿಕ ಬರಹವನ್ನು ಹೊತ್ತ ಡಿಎನ್‌ಎ ಎಂಬುದು ಒಂದಕ್ಕೊಂದು ಹೆಣೆದುಕೊಂಡ ಜೋಡಿ ಎಳೆ; ಅದರ ಅಡ್ಡಳತೆ ಎರಡು ನ್ಯಾನೋಮೀಟರು, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ಒಂದು ಎಳೆ ಮಾತ್ರ ತುಂಡಾದರೆ ಜೀವಕೋಶವು ಎದುರಿನ ಎಳೆಯನ್ನು ನೋಡಿಕೊಂಡು ಅದನ್ನು ಸುಲಭವಾಗಿ ಸರಿಪಡಿಸಿಕೊಳ್ಳುತ್ತದೆ, ಎರಡೂ ಎಳೆಗಳು ಒಂದೇ ಕಡೆ ಕಡಿದರೆ ಹಾಗೆ ಮಾಡುವುದು ಬಹಳ ಕಷ್ಟ. ಆಲ್ಫಾ ಕಣ ತನ್ನ ದಾರಿಯಲ್ಲಿ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತ ಹೋಗುವಾಗ ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಇರುವ ಸರಾಸರಿ ಅಂತರ ಹೆಚ್ಚುಕಡಿಮೆ ಆ ಎರಡು ನ್ಯಾನೋಮೀಟರಿನಷ್ಟೇ ಆಗಿರುವುದರಿಂದ, ಅದು ಡಿಎನ್‌ಎಯನ್ನು ಹಾದುಹೋದರೆ ಎರಡೂ ಎಳೆಗಳನ್ನು ಒಟ್ಟಿಗೆ ಕಡಿಯುವ ಸಂಭವ ತೀರ ಹೆಚ್ಚು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಎಕ್ಸ್‌ಕಿರಣ, ಗ್ಯಾಮಾ ಕಿರಣಗಳು ಮಾಡುವ ಹಾನಿ ಗಟ್ಟಿಯಾಗಿ ನೆಲೆಗೊಳ್ಳಬೇಕಾದರೆ ಆಮ್ಲಜನಕದ ನೆರವು ಬೇಕು. ದೊಡ್ಡ ಗೆಡ್ಡೆಗಳ ಒಳಭಾಗದಲ್ಲಿ ರಕ್ತ ಸರಿಯಾಗಿ ಹರಿಯದೆ ಆಮ್ಲಜನಕ ಕಡಿಮೆಯಿರುವುದರಿಂದ ಅಲ್ಲಿನ ಕೋಶಗಳು ಅವುಗಳ ಏಟಿನಿಂದ ಪಾರಾಗಿ ಉಳಿಯುತ್ತವೆ. ಆಲ್ಫಾ ಕಣಕ್ಕೆ ಈ ನೆರವಿನ ಹಂಗು ಬಹುಮಟ್ಟಿಗೆ ಇಲ್ಲ.

ಇಷ್ಟು ಬಲವುಳ್ಳ ಕಣವನ್ನು ಹಿಂದಿನವರು ಕೈಯಲ್ಲಿಟ್ಟುಕೊಂಡೂ ಬಳಸದೆ ಹೋದರು ಎಂಬುದು ವಿಚಿತ್ರವೆನಿಸುವ ಸಂಗತಿ. ಪಿಯರ್ ಮತ್ತು ಮೇರಿ ಕ್ಯೂರಿ ದಂಪತಿಗಳು 1898ರ ಡಿಸೆಂಬರಿನಲ್ಲಿ ರೇಡಿಯಂ ಧಾತುವಿನ ಇರವನ್ನು ಪ್ರಕಟಿಸಿದ ಐದೇ ವರ್ಷಕ್ಕೆ, ದೂರವಾಣಿಯನ್ನು ರೂಪಿಸಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರು ರೇಡಿಯಮ್ಮಿನ ಚೂರನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಮುಚ್ಚಿ ಕ್ಯಾನ್ಸರ್ ಗೆಡ್ಡೆಯ ನಡುವೆಯೇ ಏಕೆ ಇಡಬಾರದು ಎಂದು ಪತ್ರಮುಖೇನ ಸೂಚಿಸಿದರು. ಮುಂದಿನ ಹಲವು ದಶಕಗಳ ಕಾಲ ಜಗತ್ತಿನ ಆಸ್ಪತ್ರೆಗಳಲ್ಲಿ ರೇಡಿಯಂ ಸೂಜಿ, ರೇಡಿಯಂ ಕೊಳವೆಗಳು ನಡೆಸಿದ್ದು ಇದೇ ಕೆಲಸವನ್ನು. ಆದರೆ ಆ ಕೊಳವೆಯ ಗೋಡೆಯೇ ಆಲ್ಫಾ ಕಣಗಳನ್ನೆಲ್ಲ ನುಂಗಿಬಿಡುತ್ತಿತ್ತು. ಗೆಡ್ಡೆಗೆ ತಲುಪುತ್ತಿದ್ದದ್ದು ರೇಡಿಯಮ್ಮಿನ ಸಂತತಿಯಿಂದ ಹೊರಡುವ ಗ್ಯಾಮಾ ಕಿರಣ ಮಾತ್ರ. ಗೋಡೆಯಿಲ್ಲದ ರೇಡಿಯಂ ದೇಹವನ್ನು ಹೊಕ್ಕರೆ ಏನಾಗುತ್ತದೆ ಎಂಬುದನ್ನು ವೈದ್ಯಲೋಕ ಕಲಿತದ್ದು ಆಸ್ಪತ್ರೆಯಲ್ಲಲ್ಲ, ಕಾರ್ಖಾನೆಯಲ್ಲಿ.

ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ, ಮೊದಲ ಮಹಾಯುದ್ಧದ ಕಾಲದಿಂದ ಮೊದಲ್ಗೊಂಡು, ಕತ್ತಲೆಯಲ್ಲಿ ಹೊಳೆಯುವ ಗಡಿಯಾರಗಳ ಮುಖಕ್ಕೆ ರೇಡಿಯಂ ಬೆರೆಸಿದ ಬಣ್ಣದಿಂದ ಅಂಕಿಗಳನ್ನು ಬರೆಯುವ ಕೆಲಸಕ್ಕೆ ಹರೆಯದ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲಾಗುತ್ತಿತ್ತು. ಕುಂಚದ ತುದಿ ಮೊನಚಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ಎಳೆಯುವುದು ಅಲ್ಲಿನ ರೂಢಿ. ಕೆಲವು ವರ್ಷಗಳಲ್ಲಿ ಅವರ ಹಲ್ಲು ಉದುರಿ, ದವಡೆ ಕೊಳೆತು, ಮೂಳೆ ತಾನಾಗಿ ಮುರಿಯಿತು, ರಕ್ತ ಬತ್ತಿತು. ಬದುಕಿ ಉಳಿದವರಲ್ಲಿ ಹಲವರಿಗೆ ಮೂಳೆಯ ಕ್ಯಾನ್ಸರ್ ತಗುಲಿತು. ಅಲ್ಲಿನ ವೈದ್ಯಾಧಿಕಾರಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅವರು 1925ರಲ್ಲಿ ಇದು ರೇಡಿಯಮ್ಮಿನದೇ ಕೃತ್ಯವೆಂದು ತೋರಿಸಿಕೊಟ್ಟರು. ರೇಡಿಯಂ ಮತ್ತು ಕ್ಯಾಲ್ಸಿಯಂ ಧಾತುಪಟ್ಟಿಯ ಒಂದೇ ಕಂಬಸಾಲಿಗೆ ಸೇರಿದವು. ದೇಹವು ಇವೆರಡನ್ನೂ ಸರಿಯಾಗಿ ಬೇರ್ಪಡಿಸಿ ಗುರುತಿಸಲಾರದೆ ರೇಡಿಯಮ್ಮನ್ನೂ ಸುಣ್ಣಾಂಶವೆಂದೇ ಎಣಿಸಿ ಮೂಳೆಗೆ ಸೇರಿಸಿಕೊಳ್ಳುತ್ತದೆ. ಗಡಿಯಾರದ ಬಣ್ಣದಲ್ಲಿದ್ದ ರೇಡಿಯಂ-226ರ ಅರ್ಧಾಯು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಒಡೆದು ಮುಗಿಯಲು ಹಿಡಿಯುವ ಕಾಲ, 1,600 ವರ್ಷ. ಒಮ್ಮೆ ಮೂಳೆಯೊಳಗೆ ನೆಲೆಸಿತೆಂದರೆ ಆ ಹೆಣ್ಣುಮಕ್ಕಳ ಆಯುಷ್ಯ ಮುಗಿದರೂ ಅದರ ಆಯುಷ್ಯ ಮುಗಿಯುವಂತಿರಲಿಲ್ಲ.

ಮೊತ್ತಮೊದಲಿಗೆ ಒಪ್ಪಿಗೆ ಪಡೆದ ಆಲ್ಫಾ ಔಷಧವು ರೇಡಿಯಮ್ಮೇ ಆಗಿರುವುದು, ಅದೂ ಮೂಳೆ ಸೇರುವ ಅದೇ ಗುಣವನ್ನು ನೆಚ್ಚಿಕೊಂಡಿರುವುದು, ಈ ಇತಿಹಾಸವನ್ನು ಬಲ್ಲವರಿಗೆ ಗಮನಾರ್ಹವಾಗಿ ಕಾಣುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಹರಡುವಾಗ ಬಹುತೇಕ ಮೂಳೆಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಹಾಗೆ ಹೋದೆಡೆಯಲ್ಲಿ ಹೊಸ ಮೂಳೆ ಅವ್ಯವಸ್ಥಿತವಾಗಿ, ವೇಗವಾಗಿ ಬೆಳೆಯತೊಡಗುತ್ತದೆ, ಆ ಬೆಳವಣಿಗೆ ಸುಣ್ಣಾಂಶವನ್ನು ಆತುರದಿಂದ ಹೀರುತ್ತದೆ. ನಾರ್ವೆಯ ವಿಜ್ಞಾನಿಗಳಾದ ಓಯ್ವಿಂಡ್ ಬ್ರುಲಾಂಡ್ ಮತ್ತು ರಾಯ್ ಲಾರ್ಸನ್ ಅವರು ಈ ಆತುರವನ್ನೇ ಬಳಸಿಕೊಂಡು, ರೇಡಿಯಂ-226ರ ಬದಲು 11.4 ದಿನ ಅರ್ಧಾಯುವಿನ ರೇಡಿಯಂ-223 ಎಂಬ ಸಹೋದರ ರೂಪವನ್ನು ಆರಿಸಿಕೊಂಡರು. ಇದಕ್ಕೆ ಯಾವ ವಾಹಕವೂ ಬೇಕಿಲ್ಲ. ಲವಣದ ರೂಪದಲ್ಲಿ ರಕ್ತನಾಳಕ್ಕೆ ಚುಚ್ಚಿದರೆ ತಾನಾಗಿ ಮೂಳೆಯ ರೋಗಸ್ಥಾನಗಳಿಗೆ ಹೋಗಿ ಕೂರುತ್ತದೆ, ಉಳಿದದ್ದು ಹೆಚ್ಚಾಗಿ ಕರುಳಿನ ಮೂಲಕ ಹೊರಬೀಳುತ್ತದೆ. ದೇಹತೂಕದ ಪ್ರತಿ ಕಿಲೋಗ್ರಾಂಗೆ 55 ಕಿಲೋಬೆಕೆರೆಲ್ ಲೆಕ್ಕದಲ್ಲಿ ನಾಲ್ಕು ವಾರಕ್ಕೊಮ್ಮೆ ಆರು ಸಲ ಇದನ್ನು ಕೊಡುತ್ತಾರೆ. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವ ಪ್ರಮಾಣ. ಅರವತ್ತು ಕಿಲೋ ತೂಗುವ ಒಬ್ಬರಿಗೆ ಒಂದು ಸಲಕ್ಕೆ ಬೇಕಾಗುವ ರೇಡಿಯಮ್ಮಿನ ತೂಕ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಎರಡು ಪಾಲಿಗೂ ಕಡಿಮೆ.

ಹಾರ್ಮೋನು ಚಿಕಿತ್ಸೆಗೆ ಬಗ್ಗದೆ ಮೂಳೆಗೆ ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನ 921 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹುಸಿಮದ್ದು ಪಡೆದವರ ಮಧ್ಯಮ ಬದುಕಿನ ಅವಧಿ 11.3 ತಿಂಗಳಿದ್ದರೆ ರೇಡಿಯಂ-223 ಪಡೆದವರದು 14.9 ತಿಂಗಳಾಯಿತು. ಮೂರೂವರೆ ತಿಂಗಳೆಂಬುದು ಅಲ್ಪವೆಂದು ಕಾಣಬಹುದು. ಆದರೆ ಅದುವರೆಗೆ ಮೂಳೆನೋವಿಗೆ ಕೊಡುತ್ತಿದ್ದ ಸ್ಟ್ರಾನ್ಶಿಯಂ-89ರಂಥ ಬೀಟಾ ಔಷಧಗಳು ನೋವನ್ನಷ್ಟೇ ತಗ್ಗಿಸುತ್ತಿದ್ದವು, ಬದುಕನ್ನು ಖಚಿತವಾಗಿ ಉದ್ದ ಮಾಡಿದ ಮೂಳೆ ಸೇರುವ ವಿಕಿರಣ ಔಷಧ ಇದೇ ಮೊದಲನೆಯದು. ಬೀಟಾ ಕಣ ಮೂಳೆಯ ಒಳತಿರುಳಾದ ಅಸ್ಥಿಮಜ್ಜೆಗೂ ಹಾಯ್ದು ರಕ್ತಕಣಗಳ ಹುಟ್ಟನ್ನು ಕುಂದಿಸುತ್ತದೆ, ಆಲ್ಫಾ ಕಣದ ಕಿರುದಾರಿ ಮಜ್ಜೆಯ ಬಹುಭಾಗವನ್ನು ಮುಟ್ಟುವುದಿಲ್ಲ. ಹೀಗಿದ್ದೂ ರೇಡಿಯಂ ತನ್ನ ಹಳೆಯ ಗುಣವನ್ನು ಪೂರಾ ಬಿಟ್ಟಿಲ್ಲ. ಅಬಿರಟೆರೋನ್ ಮತ್ತು ಪ್ರೆಡ್ನಿಸೋನ್ ಎಂಬ ಔಷಧಗಳ ಜೊತೆಗೆ ಇದನ್ನು ಕೊಟ್ಟು ನೋಡಿದ 806 ರೋಗಿಗಳ ಪ್ರಯೋಗವೊಂದರಲ್ಲಿ ಮೂಳೆಮುರಿತ ಗಣನೀಯವಾಗಿ ಹೆಚ್ಚಿದ್ದರಿಂದ ಆ ಜೋಡಣೆಯನ್ನು ಕೈಬಿಡಬೇಕಾಯಿತು, ಐರೋಪ್ಯ ನಿಯಂತ್ರಕರು 2018ರಲ್ಲಿ ಈ ಮದ್ದಿನ ಬಳಕೆಯನ್ನೇ ಬಿಗಿಗೊಳಿಸಿದರು. ಮೂಳೆಯನ್ನು ಗಟ್ಟಿಗೊಳಿಸುವ ಔಷಧವನ್ನು ಕಡ್ಡಾಯವಾಗಿ ಕೊಟ್ಟು, ಎನ್‌ಜಲುಟಮೈಡ್ ಎಂಬ ಬೇರೆ ಹಾರ್ಮೋನು ತಡೆಯೊಂದಿಗೆ ಜೋಡಿಸಿದ ಮತ್ತೊಂದು ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂದು, ರೋಗ ಮುಂದುವರಿಯುವುದನ್ನು ಈ ಜೋಡಣೆ ತಡಮಾಡುತ್ತದೆಂದು ತೋರಿದ ಮೇಲೆ ರೇಡಿಯಂ-223ರ ಕಡೆಗೆ ವೈದ್ಯರ ಗಮನ ಮತ್ತೆ ಹರಿದಿದೆ.

ರೇಡಿಯಂ ಮೂಳೆಯನ್ನಷ್ಟೇ ಬಲ್ಲುದು. ಯಕೃತ್ತಿನಲ್ಲೋ ದುಗ್ಧಗ್ರಂಥಿಗಳಲ್ಲೋ ಅಡಗಿದ ರೋಗವನ್ನು ಅದು ಕಾಣಲಾರದು. ಅದನ್ನು ಬೇರೊಂದು ಅಣುವಿಗೆ ಗಟ್ಟಿಯಾಗಿ ಕಟ್ಟುವುದೂ ರಸಾಯನಜ್ಞರಿಗೆ ಸುಲಭಸಾಧ್ಯವಾಗಿಲ್ಲ. ಆದ್ದರಿಂದ ದೇಹದ ಯಾವುದೇ ಮೂಲೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಗುರುತಿಸಿ ಹಿಡಿಯಬಲ್ಲ ವಾಹಕಕ್ಕೆ ಆಲ್ಫಾ ಧಾತುವನ್ನು ಬಿಗಿಯುವ ಎರಡನೆಯ ದಾರಿ ಹುಟ್ಟಿತು, ಉದ್ದೇಶಿತ ಆಲ್ಫಾ ಚಿಕಿತ್ಸೆ ಎಂದು ಈಗ ಹೆಚ್ಚಾಗಿ ಕರೆಯುವುದು ಇದನ್ನೇ. ಇಂಥ ಔಷಧದಲ್ಲಿ ಮೂರು ಅಂಗಗಳಿರುತ್ತವೆ. ಕ್ಯಾನ್ಸರ್ ಕೋಶದ ಮೈಮೇಲೆ ಹೇರಳವಾಗಿದ್ದು ಆರೋಗ್ಯವಂತ ಕೋಶದಲ್ಲಿ ವಿರಳವಾದ ಪ್ರೋಟೀನಿಗೆ ಅಂಟಿಕೊಳ್ಳುವ ವಾಹಕ ಒಂದು ತುದಿಗೆ, ಲೋಹದ ಪರಮಾಣುವನ್ನು ಸುತ್ತುವರಿದು ಹಿಡಿಯುವ ಡೋಟಾ ಮೊದಲಾದ ಪಂಜರದಾಕಾರದ ಅಣು ಇನ್ನೊಂದು ತುದಿಗೆ, ಆ ಪಂಜರದೊಳಗೆ ಆಲ್ಫಾ ಧಾತು. ಪ್ರಾಸ್ಟೇಟ್ ಕ್ಯಾನ್ಸರಿಗಾದರೆ ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹಿಡಿಯುವ ಸಣ್ಣ ಅಣು, ಕರುಳು ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಏಳುವ ನ್ಯೂರೋಎಂಡೋಕ್ರೈನ್ ಗೆಡ್ಡೆಗಳಿಗಾದರೆ ಸೊಮ್ಯಾಟೋಸ್ಟ್ಯಾಟಿನ್ ಹಾರ್ಮೋನಿನ ಗ್ರಾಹಿಗೆ ಕೂರುವ ಪೆಪ್ಟೈಡ್ ವಾಹಕವಾಗುತ್ತದೆ. ಇದೇ ವಾಹಕಕ್ಕೆ ಗ್ಯಾಲಿಯಂ-68 ಎಂಬ ಧಾತುವನ್ನು ಕಟ್ಟಿ ಮೊದಲು ಪೆಟ್ ಸ್ಕ್ಯಾನ್ ಮಾಡಿದರೆ ಗುರಿ ಎಲ್ಲೆಲ್ಲಿದೆ, ಇದೆಯೋ ಇಲ್ಲವೋ ಎಂಬುದು ಚಿತ್ರದಲ್ಲಿ ಕಾಣುತ್ತದೆ. ಕಂಡ ಮೇಲೆಯೇ ಚಿಕಿತ್ಸೆಯ ಧಾತುವಿನ ಸರದಿ.

ಈ ಕೆಲಸಕ್ಕೆ ಈಗ ಹೆಚ್ಚು ಬೇಡಿಕೆಯಿರುವುದು ಆಕ್ಟಿನಿಯಂ-225. ಇದರ ಅರ್ಧಾಯು ಸುಮಾರು 10 ದಿನ. ಇದು ಒಡೆದು ಫ್ರಾನ್ಸಿಯಂ, ಅದು ಒಡೆದು ಅಸ್ಟಟೀನ್, ಹೀಗೆ ಸಂತತಿ ಇಳಿಯುತ್ತ ಸ್ಥಿರವಾದ ಬಿಸ್ಮತ್ತಿಗೆ ಬಂದು ನಿಲ್ಲುವುದರೊಳಗೆ ಒಂದೊಂದು ಆಕ್ಟಿನಿಯಂ ಪರಮಾಣುವೂ ನಾಲ್ಕು ಆಲ್ಫಾ ಕಣಗಳನ್ನು ಬಿಟ್ಟಿರುತ್ತದೆ. ಆದ್ದರಿಂದ ಬೀಟಾ ಧಾತುವಾದ ಲುಟೀಷಿಯಂ ಒಂದು ಸುತ್ತಿಗೆ 7,400 ಮೆಗಾಬೆಕೆರೆಲ್ ಬೇಕಾಗುವಲ್ಲಿ ಆಕ್ಟಿನಿಯಂ ಎಂಟು ಮೆಗಾಬೆಕೆರೆಲ್ಲಿನ ಆಸುಪಾಸಿನಲ್ಲೇ ಸಾಕಾಗುತ್ತದೆ. ಆದರೆ ನಾಲ್ಕು ಕಣಗಳೆಂಬ ಈ ಸಂಪತ್ತಿನಲ್ಲೇ ತೊಡಕೂ ಅಡಗಿದೆ. ಆಲ್ಫಾ ಕಣ ಒಂದು ದಿಕ್ಕಿಗೆ ಸಿಡಿದಾಗ ಉಳಿದ ಬೀಜ ಎದುರು ದಿಕ್ಕಿಗೆ ಹಿಮ್ಮೆಟ್ಟುತ್ತದೆ, ಆ ಹಿಮ್ಮೆಟ್ಟುವಿಕೆಯ ಶಕ್ತಿ ರಾಸಾಯನಿಕ ಬಂಧವೊಂದರ ಶಕ್ತಿಗಿಂತ ಹತ್ತು ಸಾವಿರ ಪಟ್ಟಿಗೂ ಮಿಗಿಲು. ಎಷ್ಟೇ ಚಾತುರ್ಯದಿಂದ ಹೆಣೆದ ಪಂಜರವೂ ಇದರ ಮುಂದೆ ನಿಲ್ಲಲಾರದು. ಮೊದಲ ಕಣ ಹೊರಟೊಡನೆ ಆ ಉಳಿದ ಬೀಜ, ಅಂದರೆ ಮಗಳ ಧಾತು, ಪಂಜರದಿಂದ ಕಳಚಿಕೊಳ್ಳುತ್ತದೆ. ಅಷ್ಟರಲ್ಲಿ ಔಷಧವು ಕ್ಯಾನ್ಸರ್ ಕೋಶದ ಒಳಕ್ಕೆ ಸೆಳೆಯಲ್ಪಟ್ಟಿದ್ದರೆ ಮಿಕ್ಕ ಮೂರು ಕಣಗಳೂ ಅಲ್ಲೇ ಸಲ್ಲುತ್ತವೆ, ಇನ್ನೂ ರಕ್ತದಲ್ಲಿ ಅಲೆಯುತ್ತಿದ್ದರೆ ಸಂತತಿಯಲ್ಲಿ ಬರುವ ಬಿಸ್ಮತ್-213 ಮೂತ್ರಪಿಂಡವನ್ನು ಹೊಕ್ಕು ಅಲ್ಲಿ ಹಾನಿ ಮಾಡುತ್ತದೆ. ಹೀಗಾಗಿ ವಾಹಕವು ಗುರಿಯನ್ನು ಹಿಡಿದರಷ್ಟೇ ಸಾಲದು, ಬೇಗ ಹಿಡಿದು ಒಳಗೆ ಎಳೆದೊಯ್ಯಬೇಕು ಎಂಬುದು ಈ ಕ್ಷೇತ್ರದ ಮುಖ್ಯ ಪಾಠವಾಯಿತು.

ಆಕ್ಟಿನಿಯಮ್ಮಿನ ಹೆಸರು ವೈದ್ಯಲೋಕದಲ್ಲೆಲ್ಲ ಹಬ್ಬಿದ್ದು 2016ರಲ್ಲಿ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಯ ವೈದ್ಯರು, ಕಾರ್ಲ್ಸ್‌ರೂಹೆಯ ಐರೋಪ್ಯ ಸಂಶೋಧನಾ ಕೇಂದ್ರದ ಆಲ್ಫ್ರೆಡ್ ಮಾರ್ಗೆನ್‌ಸ್ಟರ್ನ್ ಮತ್ತು ಸಂಗಡಿಗರು ಒದಗಿಸಿದ ಆಕ್ಟಿನಿಯಮ್ಮನ್ನು ಪಿಎಸ್‌ಎಂಎ ವಾಹಕಕ್ಕೆ ಕಟ್ಟಿ, ಬೇರೆ ದಾರಿಗಳು ಮುಚ್ಚಿಹೋಗಿದ್ದ ಇಬ್ಬರು ರೋಗಿಗಳಿಗೆ ಕೊಟ್ಟಾಗ, ಮೈತುಂಬ ಹರಡಿದ್ದ ರೋಗದ ಗುರುತುಗಳು ಸ್ಕ್ಯಾನಿನಲ್ಲಿ ಅಳಿಸಿಹೋದವು, ರೋಗದ ಅಳತೆಗೋಲಾದ ಪಿಎಸ್‌ಎ ರಕ್ತದಲ್ಲಿ ಪತ್ತೆಯಾಗದಷ್ಟು ಇಳಿಯಿತು. ಆ ಚಿತ್ರಗಳು ನೋಡಿದವರನ್ನು ಬೆರಗುಗೊಳಿಸಿದ್ದು ನಿಜ. ಇಬ್ಬರಲ್ಲಿ ಕಂಡದ್ದು ಎಲ್ಲರಲ್ಲೂ ಕಾಣುವುದೆಂಬ ಭ್ರಮೆಯನ್ನು ಅವು ಹುಟ್ಟಿಸಿದ್ದೂ ನಿಜ. ಬಾಯಿಯ ಜೊಲ್ಲುಗ್ರಂಥಿಗಳೂ ಈ ವಾಹಕವನ್ನು ಹೀರಿಕೊಳ್ಳುವುದರಿಂದ ಅಲ್ಲಿಯೂ ಆಲ್ಫಾ ಕಣಗಳು ಸಿಡಿದು, ಬಾಯಿ ಒಣಗಿ ಅನ್ನದ ತುತ್ತು ನುಂಗಲಾಗದ ಸ್ಥಿತಿಗೆ ಬಂದ ಕೆಲವರು ಚಿಕಿತ್ಸೆಯಿಂದ ಗುಣ ಕಾಣುತ್ತಿದ್ದರೂ ಅದನ್ನು ನಿಲ್ಲಿಸಿದರು. ಒಣಬಾಯಿ ಎಂಬ ಮಾತು ಕೇಳುವುದಕ್ಕೆ ಸಣ್ಣದು, ದಿನದ ಪ್ರತಿ ಊಟದಲ್ಲೂ ಅನುಭವಿಸುವವರಿಗೆ ಅಲ್ಲ.

ಭಾರತದ ವೈದ್ಯರು ಈ ವಿಷಯದಲ್ಲಿ ಹಿಂದೆ ನಿಂತು ನೋಡಿದವರಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಚಂದ್ರಶೇಖರ ಬಾಲ್ ಮತ್ತು ಅವರ ಸಂಗಡಿಗರು ನ್ಯೂರೋಎಂಡೋಕ್ರೈನ್ ಗೆಡ್ಡೆಗಳಿಗೆ ಆಕ್ಟಿನಿಯಂ ಕಟ್ಟಿದ ಪೆಪ್ಟೈಡನ್ನು ಕೊಟ್ಟು, ಅದರ ಮೊದಲ ಅನುಭವವನ್ನು 2020ರಲ್ಲಿ ಪ್ರಕಟಿಸಿದರು. ಲುಟೀಷಿಯಂ ಚಿಕಿತ್ಸೆಗೆ ಜಗ್ಗದವರೂ ಆ ರೋಗಿಗಳಲ್ಲಿದ್ದರು. ಮುಂದೆ 91 ರೋಗಿಗಳ ದೀರ್ಘಕಾಲದ ಫಲಿತಾಂಶವೂ ಅಲ್ಲಿಂದಲೇ ಬಂತು. ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಮೈಕ್ ಸತೇಖೆ ಅವರ ತಂಡ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಂಥದೇ ಕೆಲಸ ಮಾಡಿತು. ಆಸ್ಟ್ರೇಲಿಯ, ಭಾರತ, ಜರ್ಮನಿ ಮತ್ತು ದಕ್ಷಿಣ ಆಫ್ರಿಕದ ಏಳು ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದ 488 ಪುರುಷರ ದಾಖಲೆಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಬದುಕಿನ ಅವಧಿ 15.5 ತಿಂಗಳೆಂದು ಕಂಡುಬಂತು. ಇವರಲ್ಲಿ ಹೆಚ್ಚಿನವರು ಹಲವು ಚಿಕಿತ್ಸೆಗಳನ್ನು ಮುಗಿಸಿ ಬಂದವರಾಗಿದ್ದುದರಿಂದ ಇದು ಆಶಾದಾಯಕವೇ ಸರಿ. ಆದರೆ ಇದು ಹಿಂದಿನ ದಾಖಲೆಗಳನ್ನು ತಿರುವಿಹಾಕಿ ಮಾಡಿದ ಅಧ್ಯಯನ, ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆಲ್ಫಾ ಕಣ ಎಲ್ಲ ಗೆಡ್ಡೆಗಳಿಗೂ ಸರಿಹೋಗುತ್ತದೆ ಎಂಬ ಭಾವನೆಯೂ ತಪ್ಪು. ವಾಹಕವು ದೊಡ್ಡ ಗೆಡ್ಡೆಯೊಂದರ ಎಲ್ಲ ಕೋಶಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಅದು ತಲುಪದ ಕೋಶಕ್ಕೂ ನೆರೆಯ ಕೋಶದಿಂದ ಹಾರಿಬಂದ ಬೀಟಾ ಕಣ ತಾಕಬಹುದು, ಆಲ್ಫಾ ಕಣ ಅಷ್ಟು ದೂರ ಬರುವುದಿಲ್ಲ. ಬದಲಾಗಿ ರಕ್ತದಲ್ಲಿ ಒಂಟಿಯಾಗಿ ತೇಲುವ ರಕ್ತಕ್ಯಾನ್ಸರಿನ ಕೋಶಗಳಿಗೆ, ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣಿಗೆ ಬೀಳದೆ ಉಳಿದ ಕಿರುಗುಂಪುಗಳಿಗೆ, ಮಜ್ಜೆಯಲ್ಲಿ ಚದುರಿದ ಕ್ಯಾನ್ಸರ್ ಕೋಶಗಳಿಗೆ ಬೀಟಾ ಕಣ ಬಿಟ್ಟರೆ ಅದರ ಬಹುಪಾಲು ಶಕ್ತಿ ಆರೋಗ್ಯವಂತ ಅಂಗಾಂಶದಲ್ಲೇ ವ್ಯರ್ಥವಾಗುತ್ತದೆ, ಅಲ್ಲಿ ಆಲ್ಫಾ ಕಣವೇ ತಕ್ಕುದು. ಮನುಷ್ಯರ ಮೇಲೆ ಪ್ರತಿಕಾಯಕ್ಕೆ ಕಟ್ಟಿದ ಆಲ್ಫಾ ಧಾತುವಿನ ಮೊದಲ ಪ್ರಯೋಗವನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಕೇಂದ್ರ 1990ರ ದಶಕದಲ್ಲಿ ನಡೆಸಿದ್ದು ರಕ್ತಕ್ಯಾನ್ಸರಿನ ಮೇಲೆಯೇ. ಬಿಸ್ಮತ್-213 ಬಳಸಿದ ಆ ಪ್ರಯೋಗದ ರೋಗಿಗಳು 18 ಮಂದಿ. ಬಿಸ್ಮತ್ತಿನ ಅರ್ಧಾಯು ಮುಕ್ಕಾಲು ಗಂಟೆ ಮಾತ್ರ, ಪ್ರತಿಕಾಯವೋ ಗಟ್ಟಿಗೆಡ್ಡೆಯನ್ನು ತಲುಪಲು ದಿನಗಳನ್ನೇ ತೆಗೆದುಕೊಳ್ಳುವಂಥದು. ಆ ಧಾತು ಹೆಚ್ಚು ದೂರ ಬೆಳೆಯದೆ ಹೋದದ್ದು ಈ ಹೊಂದಿಕೆಯ ಕೊರತೆಯಿಂದ.

ಇಷ್ಟೆಲ್ಲ ಬಲ್ಲ ಮೇಲೂ ಆಲ್ಫಾ ಚಿಕಿತ್ಸೆ ಊರೂರಿನ ಆಸ್ಪತ್ರೆಗೆ ಬಾರದಿರುವುದೇಕೆ ಎಂದರೆ, ಮದ್ದಿನ ಮೂಲವಸ್ತುವೇ ಸಾಕಷ್ಟಿಲ್ಲ. ಆಕ್ಟಿನಿಯಂ-225 ಹುಟ್ಟುವುದು ಥೋರಿಯಂ-229ರಿಂದ, ಅದು ಹುಟ್ಟುವುದು ಯುರೇನಿಯಂ-233ರಿಂದ, ಆ ಯುರೇನಿಯಂ ನಿಸರ್ಗದಲ್ಲಿ ದೊರೆಯದೆ, ಸಾಧಾರಣ ಥೋರಿಯಮ್ಮನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟು ತಯಾರಿಸಬೇಕಾದಂಥದು. ಶೀತಲಸಮರದ ಕಾಲದಲ್ಲಿ ಅಮೆರಿಕವು ಇಂಧನಕ್ಕೂ ಆಯುಧಕ್ಕೂ ಆದೀತೆಂದು ಯುರೇನಿಯಂ-233ನ್ನು ಮಾಡಿ, ಬಳಿಕ ಬೇಡವೆಂದು ಟೆನೆಸಿಯ ಓಕ್ ರಿಡ್ಜಿನಲ್ಲಿ ಕೂಡಿಟ್ಟಿತ್ತು. ದಶಕಗಳ ಕಾಲ ಸುಮ್ಮನೆ ಕೂತಿದ್ದ ಆ ದಾಸ್ತಾನಿನಲ್ಲಿ ತಾನಾಗಿ ಬೆಳೆದ ಥೋರಿಯಂ-229ನ್ನು ಬೇರ್ಪಡಿಸಿ ಅದರಿಂದ ಆಗಾಗ ಆಕ್ಟಿನಿಯಂ ತೆಗೆಯುತ್ತಾರೆ. ಓಕ್ ರಿಡ್ಜ್, ಕಾರ್ಲ್ಸ್‌ರೂಹೆ ಮತ್ತು ರಷ್ಯದ ಒಬ್ನಿನ್‌ಸ್ಕ್ ಎಂಬ ಮೂರು ಕಡೆಯ ಉತ್ಪಾದನೆ ಸೇರಿದರೂ ಬಹುಕಾಲ ಅದು ವರ್ಷಕ್ಕೆ ಸುಮಾರು 63 ಗಿಗಾಬೆಕೆರೆಲ್ ಇತ್ತು. ತೂಕದಲ್ಲಿ ಹೇಳುವುದಾದರೆ ಇಡೀ ಜಗತ್ತಿನ ವಾರ್ಷಿಕ ಉತ್ಪನ್ನ ಒಂದು ಮಿಲಿಗ್ರಾಮಿನ ಮೂವತ್ತನೇ ಒಂದು ಪಾಲು. ಅದೂ ಹತ್ತು ದಿನಕ್ಕೆ ಅರ್ಧವಾಗುತ್ತ ಹೋಗುವ ಸರಕು. ಕೊರತೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು: ನ್ಯೂರೋಎಂಡೋಕ್ರೈನ್ ಗೆಡ್ಡೆಗಳ ಮೇಲಿನ ಅಂತಿಮ ಹಂತದ ಪ್ರಯೋಗವೊಂದು 2024ರಲ್ಲಿ, ಔಷಧದಲ್ಲಿ ದೋಷ ಕಂಡದ್ದಕ್ಕಲ್ಲ, ಆಕ್ಟಿನಿಯಂ ಸಾಲದೆ ಬಂದದ್ದಕ್ಕೆ, ಹೊಸ ರೋಗಿಗಳ ಸೇರ್ಪಡೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಹೊಸ ದಾರಿಗಳಿಗೆ ಕೊರತೆಯಿಲ್ಲ. ಥೋರಿಯಂ ಗುರಿಯ ಮೇಲೆ ಅತಿವೇಗದ ಪ್ರೋಟಾನುಗಳನ್ನು ಹಾಯಿಸಿದರೆ ಆಕ್ಟಿನಿಯಂ-225 ಸಿಗುತ್ತದೆ, ಅದರೊಂದಿಗೆ 22 ವರ್ಷದ ಅರ್ಧಾಯುವಿನ ಆಕ್ಟಿನಿಯಂ-227ರ ಬೆರಕೆಯೂ ಬರುವುದರಿಂದ ಆಸ್ಪತ್ರೆಯ ತ್ಯಾಜ್ಯವನ್ನು ಎಲ್ಲಿಡುವುದೆಂಬ ಪ್ರಶ್ನೆ ಏಳುತ್ತದೆ; ಒಂದು ಕಡೆ ಕಸವಾದ ಈ ಆಕ್ಟಿನಿಯಂ-227 ಇನ್ನೊಂದು ಕಡೆ ರೇಡಿಯಂ-223ರ ತಾಯಿಧಾತುವೆಂಬುದು ಬೇರೆ ಮಾತು. ಬೆರಕೆಯಿಲ್ಲದ ದಾರಿಯೆಂದರೆ ರೇಡಿಯಂ-226ನ್ನು ಸೈಕ್ಲೋಟ್ರಾನಿನಲ್ಲಿ ಪ್ರೋಟಾನುಗಳಿಂದಲೋ, ಎಲೆಕ್ಟ್ರಾನ್ ವೇಗವರ್ಧಕದ ಫೋಟಾನುಗಳಿಂದಲೋ ಹೊಡೆಯುವುದು. ಇದಕ್ಕೆ ಬೇಕಾದ ರೇಡಿಯಂ ಹಿಂದೊಮ್ಮೆ ಆಸ್ಪತ್ರೆಗಳು ಬಳಸಿ ಬದಿಗಿಟ್ಟ ಅದೇ ಸೂಜಿ ಕೊಳವೆಗಳಲ್ಲಿದೆ. ಇಟ್ಟುಕೊಳ್ಳಲೂ ಆಗದೆ ಎಸೆಯಲೂ ಆಗದೆ ಹೊರೆಯಾಗಿದ್ದ ಆ ಹಳೆಯ ಮೂಲಗಳನ್ನು ಇರುವ ದೇಶದಿಂದ ಬೇಕಾದ ದೇಶಕ್ಕೆ ದಾಟಿಸುವ ಕಾರ್ಯಕ್ರಮವೊಂದನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2021ರಲ್ಲಿ ಆರಂಭಿಸಿದೆ. ಬಿಸ್ಮತ್ತಿನ ಮೇಲೆ ಆಲ್ಫಾ ಕಣಗಳನ್ನೇ ಹಾಯಿಸಿ ಪಡೆಯುವ ಅಸ್ಟಟೀನ್-211ಕ್ಕೆ ಇಂಥ ಕಚ್ಚಾವಸ್ತುವಿನ ಬರವಿಲ್ಲ, ಹೊರಬೀಳುವ ಆಲ್ಫಾ ಕಣವೂ ಒಂದೇ ಆದ್ದರಿಂದ ಮಗಳ ಧಾತುಗಳ ಅಲೆದಾಟವೂ ಕಡಿಮೆ, ಆದರೆ 7.2 ಗಂಟೆಗಳ ಅರ್ಧಾಯುವಿನೊಳಗೆ ಅದನ್ನು ತಯಾರಿಸಿ, ಶುದ್ಧಗೊಳಿಸಿ, ವಾಹಕಕ್ಕೆ ಕಟ್ಟಿ ರೋಗಿಗೆ ತಲುಪಿಸಬೇಕು. ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದಲ್ಲಿ ಇಟ್ಜಾಕ್ ಕೆಲ್ಸನ್ ಮತ್ತು ಯೋನಾ ಕೈಸರಿ ಅವರು ರೂಪಿಸಿದ ಮತ್ತೊಂದು ಕ್ರಮದಲ್ಲಿ ರೇಡಿಯಂ-224 ಲೇಪಿಸಿದ ಸಣ್ಣ ಕಡ್ಡಿಗಳನ್ನು ಗೆಡ್ಡೆಗೇ ಚುಚ್ಚಿ, ಹಿಮ್ಮೆಟ್ಟಿ ಹೊರಬೀಳುವ ಮಗಳ ಧಾತುಗಳು ಕೆಲವು ಮಿಲಿಮೀಟರ್ ಹರಡುವಂತೆ ಮಾಡುತ್ತಾರೆ. ಬೇರೆಲ್ಲ ಕಡೆ ದೋಷವೆನಿಸಿದ ಹಿಮ್ಮೆಟ್ಟುವಿಕೆಯನ್ನು ಇಲ್ಲಿ ಉಪಾಯವಾಗಿ ತಿರುಗಿಸಿಕೊಂಡದ್ದು ಜಾಣತನ.

ಥೋರಿಯಮ್ಮಿನ ಮಾತು ಬಂದಾಗ ಭಾರತದ ಹೆಸರು ಬರಲೇಬೇಕು. ಕೇರಳದ ಕಡಲತೀರದ ಮರಳಿನಲ್ಲಿರುವ ಮೊನಜೈಟ್ ಖನಿಜ ಥೋರಿಯಮ್ಮಿಗೆ ಹೆಸರಾದದ್ದು, ಮಂಗಳೂರಿನ ಬಳಿಯ ಉಳ್ಳಾಲದ ಮರಳಿನಲ್ಲೂ ಅದರ ಅಂಶವಿದೆ. ಥೋರಿಯಮ್ಮಿನಿಂದ ಯುರೇನಿಯಂ-233 ಮಾಡುವುದು ಹೋಮಿ ಭಾಭಾ ಅವರು ರೂಪಿಸಿದ ಮೂರು ಹಂತದ ಪರಮಾಣು ಯೋಜನೆಯ ಕೊನೆಯ ಗುರಿ. ಆ ಇಂಧನದಿಂದ ನಡೆಯುವ ಕಾಮಿನಿ ಎಂಬ ಪುಟ್ಟ ರಿಯಾಕ್ಟರು ಕಲ್ಪಾಕ್ಕಂನಲ್ಲಿ 1996ರಿಂದ ಇದೆ. ಆದರೆ ಮರಳಿನಲ್ಲಿ ಥೋರಿಯಂ ಇದ್ದ ಮಾತ್ರಕ್ಕೆ ಆಕ್ಟಿನಿಯಂ ಕೈಗೆ ಬರುವುದಿಲ್ಲ. ಯುರೇನಿಯಂ-233ರ ಅರ್ಧಾಯು ಒಂದೂವರೆ ಲಕ್ಷ ವರ್ಷಕ್ಕೂ ಹೆಚ್ಚಾದ್ದರಿಂದ ಅದರಲ್ಲಿ ಥೋರಿಯಂ-229 ಬಹಳ ನಿಧಾನವಾಗಿ ಕೂಡಿಕೊಳ್ಳುತ್ತದೆ. ದೊಡ್ಡ ದಾಸ್ತಾನು ಬೇಕು, ಅದು ಹಳೆಯದೂ ಆಗಿರಬೇಕು. ಕಾಮಿನಿಯಂಥ ಕಿರು ರಿಯಾಕ್ಟರಿನ ಇಂಧನ ಅಷ್ಟಕ್ಕೆ ಸಾಲದು. ಭಾರತಕ್ಕೆ ಹೆಚ್ಚು ಹತ್ತಿರದ ದಾರಿ, ಸಾಧಾರಣ ಥೋರಿಯಮ್ಮಿನ ಸಂತತಿಯಲ್ಲೇ ಹುಟ್ಟುವ ಸೀಸ-212 ಎಂದು ಎಣಿಸಲು ಕಾರಣವಿದೆ. ಸುಮಾರು ಹತ್ತೂವರೆ ಗಂಟೆ ಅರ್ಧಾಯುವಿನ ಈ ಧಾತು ತಾನು ಬೀಟಾ ಬೀರಿದರೂ ಅದರ ಮಗಳಾದ ಬಿಸ್ಮತ್-212 ಮತ್ತು ಅದರ ಸಂತತಿ ಆಲ್ಫಾ ಬೀರುತ್ತವೆ. ಫ್ರಾನ್ಸಿನಲ್ಲಿ ಹಳೆಯ ಥೋರಿಯಂ ಲವಣದ ದಾಸ್ತಾನಿನಿಂದಲೇ ಇದನ್ನು ತೆಗೆದು ಔಷಧ ಮಾಡುತ್ತಿದ್ದಾರೆ. ಕೊಲ್ಕತ್ತದ ವೇಗವರ್ಧಕ ಕೇಂದ್ರದ ಸೈಕ್ಲೋಟ್ರಾನು ಆಲ್ಫಾ ಕಣಗಳ ಪುಂಜವನ್ನು ಕೊಡಬಲ್ಲದ್ದಾದ್ದರಿಂದ ಅಸ್ಟಟೀನಿನ ದಾರಿಯೂ ದೇಶಕ್ಕೆ ತೀರ ಮುಚ್ಚಿಲ್ಲ, ಆದರೆ ಸಂಶೋಧನೆಗಾಗಿ ಅಷ್ಟಿಷ್ಟು ಮಾಡುವುದಕ್ಕೂ ವಾರವಾರ ಆಸ್ಪತ್ರೆಗೆ ಕಳುಹಿಸುವುದಕ್ಕೂ ಬಹಳ ಅಂತರವಿದೆ.

ಆಲ್ಫಾ ಔಷಧ ಪಡೆದವರ ಬಳಿ ಕೂರಬಹುದೇ, ಮನೆಮಂದಿಗೆ ಅಪಾಯವಿಲ್ಲವೇ ಎಂಬ ಭಯ ಸಹಜವಾದದ್ದು. ಲಂಡನ್ನಿನಲ್ಲಿ 2006ರಲ್ಲಿ ರಷ್ಯದ ಮಾಜಿ ಗೂಢಚಾರ ಲಿಟ್ವಿನೆಂಕೊ ಅವರನ್ನು ಕೊಂದ ಪೊಲೋನಿಯಂ-210 ಕೂಡ ಆಲ್ಫಾ ಧಾತುವೇ ಎಂಬುದು ಈ ಭಯವನ್ನು ಹೆಚ್ಚಿಸುತ್ತದೆ. ಆದರೆ ಆಲ್ಫಾ ಕಣವನ್ನು ಒಂದು ಕಾಗದ, ಚರ್ಮದ ಹೊರಪದರ ತಡೆಯುತ್ತದೆ. ದೇಹದ ಹೊರಗಿದ್ದಾಗ ಅದು ನಿರುಪದ್ರವಿ, ಒಳಹೊಕ್ಕರೆ ಮಾತ್ರ ಘಾತಕ. ಆದ್ದರಿಂದ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ಅಂಜಬೇಕಿಲ್ಲ, ಮಲಮೂತ್ರ, ರಕ್ತ, ವಾಂತಿಗಳನ್ನು ಮುಟ್ಟುವಾಗ ಕೈಗವುಸು ಹಾಕಿ ಕೈ ಚೆನ್ನಾಗಿ ತೊಳೆಯುವ ವಿಷಯದಲ್ಲಿ ಆಸ್ಪತ್ರೆಯವರು ಹೇಳಿದ್ದನ್ನು ಹೇಳಿದಷ್ಟು ದಿನ ಪಾಲಿಸಬೇಕು. ಭಾರತದಲ್ಲಿ ಇಂಥ ಚಿಕಿತ್ಸೆ ಕೊಡುವ ಕೇಂದ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆದಿರಬೇಕು.

ಅಮೆರಿಕದ ನಿಯಂತ್ರಣ ಸಂಸ್ಥೆಯಿಂದ 2024ರ ಕೊನೆಯವರೆಗೆ ಒಪ್ಪಿಗೆ ಪಡೆದ ಆಲ್ಫಾ ಔಷಧ ರೇಡಿಯಂ-223 ಒಂದೇ. ಆಕ್ಟಿನಿಯಂ, ಸೀಸ, ಅಸ್ಟಟೀನುಗಳಿಂದ ಮಾಡಿದವೆಲ್ಲ ಆಗ ಇನ್ನೂ ಪ್ರಯೋಗದ ಹಂತದಲ್ಲಿದ್ದವು. ಈ ಹೊಸ ಚಿಕಿತ್ಸೆಯ ಹೆಸರು ಕೇಳಿ ಹಣ ಹೊಂದಿಸಲು ಹೊರಡುವ ಕುಟುಂಬಗಳು, ತಮ್ಮ ರೋಗಿಯ ಗೆಡ್ಡೆಯಲ್ಲಿ ವಾಹಕ ಹಿಡಿಯಬಲ್ಲ ಗುರಿ ಸ್ಕ್ಯಾನಿನಲ್ಲಿ ಕಂಡಿದೆಯೇ, ಸಾಬೀತಾದ ಬೇರೆ ಚಿಕಿತ್ಸೆ ಏನಾದರೂ ಇನ್ನೂ ಬಾಕಿ ಉಳಿದಿದೆಯೇ, ಮೂತ್ರಪಿಂಡ ಮತ್ತು ಜೊಲ್ಲುಗ್ರಂಥಿಗಳ ಮೇಲೆ ಆಗಬಹುದಾದ ಹಾನಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ತಜ್ಞರನ್ನೂ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದವರನ್ನೂ ಕೇಳಿ ತಿಳಿದ ಮೇಲೆಯೇ ಮುಂದಿನ ಹೆಜ್ಜೆ ಇಡುವುದು ಒಳಿತು.